ಸಹಾಯ ಬೇಕು: ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆ, ಎಚ್‌-1ಬಿ ವೀಸಾದವರಿಗೆ ನಿಯಮ ಏನು?

ಎಲ್ಲರಿಗೂ ನಮಸ್ಕಾರ. ನವೆಂಬರ್‌ ಮೊದಲ ಶನಿವಾರ ಬಿಳಿಬಾಲದ ಜಿಂಕೆ ಸೀಸನ್‌ ಶುರು. ಸಹೋದ್ಯೋಗಿಯೊಬ್ಬರು ತಮ್ಮ ರ‍್ಯಾಂಚ್‌ಗೆ ಕರೆದಿದ್ದಾರೆ. ನಾನು ಕೊಡಗಿನವನು, ಕೋವಿ ಹೊಸದಲ್ಲ. ಆದರೆ ಇಲ್ಲಿಯ ಕಾನೂನು ತಪ್ಪಿದರೆ ವೀಸಾಕ್ಕೇ ಕುತ್ತು, ಹಾಗಾಗಿ ಕೇಳುತ್ತಿದ್ದೇನೆ.

ನನಗೆ ತಿಳಿದಿರುವುದು: ಎಚ್‌-1ಬಿಯಂಥ ವಲಸೆಯೇತರ ವೀಸಾದವರು ಬಂದೂಕು ಹಿಡಿಯುವುದು ಫೆಡರಲ್‌ ಕಾನೂನಿನಲ್ಲಿ ನಿಷಿದ್ಧ, ಆದರೆ ಅಮೆರಿಕದ ಯಾವುದೇ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್‌ ಇದ್ದರೆ ವಿನಾಯಿತಿ ಇದೆ. ಅಂದರೆ ಲೈಸೆನ್ಸ್‌ ಕೈಗೆ ಬರುವ ಮೊದಲು ಶೂಟಿಂಗ್‌ ರೇಂಜ್‌ನಲ್ಲಿ ಅಭ್ಯಾಸಕ್ಕೂ ಗೆಳೆಯರ ರೈಫಲ್‌ ಮುಟ್ಟಬಾರದು ತಾನೆ? ಲೈಸೆನ್ಸ್‌ ಅವಧಿ ಮುಗಿದ ಮೇಲೆ ಸ್ವಂತ ಬಂದೂಕನ್ನು ಏನು ಮಾಡುತ್ತೀರಿ?

1971ರ ಸೆಪ್ಟೆಂಬರ್‌ 2ರಂದು ಅಥವಾ ನಂತರ ಹುಟ್ಟಿದವರಿಗೆ ಹಂಟರ್‌ ಎಜುಕೇಷನ್‌ (ಬೇಟೆಗಾರರ ತರಬೇತಿ) ಕಡ್ಡಾಯ. ಅದನ್ನು ಆನ್‌ಲೈನ್‌ನಲ್ಲೇ ಮುಗಿಸುತ್ತೇನೆ. ಇಲ್ಲಿ ಆರು ತಿಂಗಳು ದಾಟಿರುವುದರಿಂದ ಲೈಸೆನ್ಸ್‌ ರೆಸಿಡೆಂಟ್‌ (ರಾಜ್ಯದ ನಿವಾಸಿಗಳ) ದರದಲ್ಲೇ ಸಿಗಬೇಕು. ವಿಳಾಸಕ್ಕೆ ಯಾವ ದಾಖಲೆ ತೋರಿಸಿದಿರಿ?

ಇನ್ನೊಂದು, ಕೆಲವು ಕೌಂಟಿಗಳಲ್ಲಿ ಎರಡೂ ಕೊಂಬು ಕವಲೊಡೆದ ಗಂಡು ಜಿಂಕೆಯನ್ನು ಹೊಡೆಯಬೇಕಾದರೆ ಕೊಂಬುಗಳ ನಡುವಿನ ಒಳ ಅಗಲ ಕನಿಷ್ಠ 13 ಇಂಚು ಇರಬೇಕಂತೆ. ದೂರದಿಂದ ಹೇಗೆ ಅಂದಾಜು ಮಾಡುತ್ತೀರಿ? ಹೊಡೆದ ಜಿಂಕೆಗೆ ಕಟ್ಟುವ ಲೈಸೆನ್ಸ್‌ ಟ್ಯಾಗ್‌ನಲ್ಲಿ ತಿಂಗಳು, ತಾರೀಖು ಕತ್ತರಿಸುವ ಕ್ರಮವನ್ನೂ ಯಾರಾದರೂ ಫೋಟೋ ಹಾಕಿ ತೋರಿಸಿ. ವಕೀಲರಿದ್ದರೆ ದಯವಿಟ್ಟು ಮೊದಲ ಪ್ರಶ್ನೆಗೆ ಉತ್ತರಿಸಿ.