ಡ್ರಾಯಿಂಗ್ ಇದ್ದರೂ ಚಂದ್ರನ ರಾಕೆಟ್ ಮತ್ತೆ ಮಾಡೋಕೆ ಯಾಕೆ ಆಗಲ್ಲ?

ಪೀಣ್ಯ ಲೇತ್:
ಪೀಣ್ಯ ಎರಡನೇ ಹಂತದಲ್ಲಿ ನಂದೊಂದು ಸಣ್ಣ ಮಷೀನ್ ಶಾಪ್. 2023ರ ಆಗಸ್ಟ್ 23ರ ಸಂಜೆ ಮಷೀನೆಲ್ಲ ನಿಲ್ಲಿಸಿ ಹುಡುಗರ ಜೊತೆ ಚಂದ್ರಯಾನ-3 ಇಳಿಯೋದನ್ನ ಫೋನಲ್ಲೇ ನೋಡಿದ್ವಿ. ಅದನ್ನ ನಡೆಸ್ತಿದ್ದ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರೋದೂ ನಮ್ಮ ಪೀಣ್ಯದಲ್ಲೇ. 6:04ಕ್ಕೆ ಇಳೀತು ಅಂದಾಗ ನಮ್ಮ ವೆಲ್ಡರ್ ಯಜಮಾನರು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: "1969ರಿಂದ 72ರೊಳಗೆ ಅಮೆರಿಕದವರು ಆರು ಸಲ ಮನುಷ್ಯರನ್ನ ಇಳಿಸಿದ್ದಾರೆ. ಆ ರಾಕೆಟ್ ಡ್ರಾಯಿಂಗ್ ಇರುತ್ತಲ್ಲ ಸಾರ್, ಇನ್ನೊಂದು ಮಾಡಬಾರದಾ?" ನನ್ನ ಹತ್ರ ಉತ್ತರ ಇರಲಿಲ್ಲ. ದುಡ್ಡಿನ ಮಾತು ಬಿಟ್ಟು ಯಾರಾದ್ರೂ ಹೇಳಿ.

ಜಯನಗರ 4ನೇ ಬ್ಲಾಕ್:
ದುಡ್ಡು ಬಿಟ್ಟು ಹೇಳೋಕೆ ಆಗಲ್ಲ. 1966ರಲ್ಲಿ ಅಮೆರಿಕ ಸರ್ಕಾರದ ಖರ್ಚಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ನಾಸಾಗೆ ಹೋಗ್ತಿತ್ತು. ಆಮೇಲೆ ಆ ಪಾಲು ಇಳೀತು, ಚಂದ್ರನಿಗೆ ಹೋಗಬೇಕಿದ್ದ ಅಪೊಲೊ 18, 19, 20 ಯಾತ್ರೆಗಳು ರದ್ದಾದವು.

ನಿವೃತ್ತ ಟೂಲ್‌ರೂಮ್:
ಯಜಮಾನರ ಪ್ರಶ್ನೆ ಬಹಳ ಒಳ್ಳೇದು. ಡ್ರಾಯಿಂಗ್ ಇದೆ, ಕಳೆದುಹೋಗಿಲ್ಲ. ಅಪೊಲೊದವರನ್ನ ಚಂದ್ರನಿಗೆ ಒಯ್ದ ರಾಕೆಟ್ ಸ್ಯಾಟರ್ನ್-5ರ ಬುಡದಲ್ಲಿ ಐದು ಎಫ್-1 ಎಂಜಿನ್, ಒಂದೊಂದರ ನೂಕುಬಲ ಸುಮಾರು 680 ಟನ್. 2013ರ ಹೊತ್ತಿಗೆ ನಾಸಾದ ಹುಡುಗ ಎಂಜಿನಿಯರ್‌ಗಳು ಹಿಂದೆ ಎತ್ತಿಟ್ಟಿದ್ದ ಒಂದು ಹಳೇ ಎಫ್-1 ಬಿಚ್ಚಿ ನೋಡಿದರು. ಡ್ರಾಯಿಂಗಲ್ಲಿ ಇಲ್ಲದ ಎಷ್ಟೋ ಕೈಕೆಲಸ ಅದರಲ್ಲಿತ್ತು. ಕಾಗದದ ಮೇಲೆ ಸರಿ ಇದ್ದದ್ದು ಕೂರದಿದ್ದಾಗ ವೆಲ್ಡರ್ ಅಲ್ಲೇ ಸರಿಮಾಡಿ ಕೂರಿಸಿದ್ದ. ಒಂದು ಎಂಜಿನ್ ಇದ್ದ ಹಾಗೆ ಇನ್ನೊಂದಿಲ್ಲ. ನಾನು ನಲವತ್ತು ವರ್ಷ ಡೈ ಕೂರಿಸಿದವನು, ಓದಿ ಮೈ ಜುಮ್ಮೆಂದಿತು. ಸಾಣೆ ಎಷ್ಟು ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನಾವು ಯಾರೂ ಬರೆದಿಡಲಿಲ್ಲ.

ಅದರ ಉರಿಯ ಕಥೆ ಇನ್ನೂ ದೊಡ್ಡದು. ಒಳಗೆ ಬೆಂಕಿ ಹೊಯ್ದಾಡಿ ಎಂಜಿನ್ನೇ ಸಿಡಿದುಹೋಗ್ತಿತ್ತು. ಲೆಕ್ಕಕ್ಕೆ ಸಿಗಲಿಲ್ಲ. ಉರಿಯುತ್ತಿರುವಾಗಲೇ ಒಳಗೆ ಪುಟ್ಟ ಬಾಂಬ್ ಸಿಡಿಸಿ, ಹೊಯ್ದಾಟ ತಾನೇ ಅಡಗುತ್ತಾ ನೋಡೋರು. ಅಡಗದಿದ್ದರೆ ಇಂಧನ ಚಿಮ್ಮುವ ತಟ್ಟೆ ಬದಲಾಯಿಸಿ ಮತ್ತೆ ಸಿಡಿಸೋರು. ಕೊನೆಗೆ ತಟ್ಟೆ ಮೇಲೆ ಅಡ್ಡಗೋಡೆ, ಅಂದ್ರೆ ಬ್ಯಾಫಲ್ ಕೂರಿಸಿದ ಮೇಲೆ ಹದಕ್ಕೆ ಬಂತು.

ಅದಕ್ಕೇ ಮತ್ತೆ ಚಂದ್ರನಿಗೆ ಜನ ಕಳಿಸೋ ನಾಸಾದ ಯೋಜನೆ ಆರ್ಟೆಮಿಸ್‌ನವರು ಹಳೇದನ್ನ ನಕಲು ಮಾಡಲಿಲ್ಲ. 2022ರ ನವೆಂಬರ್‌ನಲ್ಲಿ ಹಾರಿದ ಮೊದಲ ರಾಕೆಟ್‌ಗೆ ಹಾಕಿದ್ದು ನಾಸಾದ ಹಳೇ ನೌಕೆ ಸ್ಪೇಸ್ ಷಟಲ್‌ನ ನಾಲ್ಕು ಎಂಜಿನ್. ಆ ಎಂಜಿನ್ ಬಲ್ಲವರು ಇನ್ನೂ ಕೆಲಸದಲ್ಲಿದ್ದರು. ನಮ್ಮ ದೇಶ 2040ಕ್ಕೆ ಭಾರತೀಯರನ್ನ ಚಂದ್ರನ ಮೇಲೆ ಇಳಿಸೋ ಗುರಿ ಇಟ್ಟಿದೆ. ಗಗನಯಾನಕ್ಕೆ ಈಗ ವೆಲ್ಡ್ ಮಾಡ್ತಿರೋ ಹುಡುಗರು ಅವತ್ತೂ ಇರಬೇಕು, ಇಲ್ಲಾ ಅವರ ಕೈಕೆಳಗೆ ಕಲಿತವರು ಇರಬೇಕು.

ಬೊಮ್ಮನಹಳ್ಳಿ ಅಕ್ಕ:
ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಅಪೊಲೊದವರ ಬಟ್ಟೆ ಹೊಲಿದಿದ್ದು ಹೆಣ್ಣುಮಕ್ಕಳು, ಒಳಉಡುಪು ಮಾಡ್ತಿದ್ದ ಕಂಪನಿಯಲ್ಲಿ. ಇಪ್ಪತ್ತೊಂದು ಪದರ, ಹೊಲಿಗೆ ಅರ್ಧ ಮಿಲಿಮೀಟರ್ ಕೂಡ ಆಚೀಚೆ ಹೋಗಬಾರದು. ಗುಂಡುಪಿನ್ ಒಳಗೆ ಉಳಿದಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡೋರು. ನಮ್ಮಲ್ಲೂ ಸೂಜಿ ಮುರಿದರೆ ಎಲ್ಲಾ ತುಂಡು ಹುಡುಕಿ ರಿಜಿಸ್ಟರ್‌ಗೆ ಅಂಟಿಸೋವರೆಗೂ ಹೊಸ ಸೂಜಿ ಕೊಡಲ್ಲ. ಅಲ್ಲಿ ಒಂದು ತೂತಾದರೆ ಜೀವ ಹೋಗುತ್ತೆ. ಆ ಹೆಂಗಸರು ಹೇಗೆ ನಿದ್ದೆ ಮಾಡಿದರೋ. ಈಗ ಹೋಗೋರ ಬಟ್ಟೆ ಯಾರು ಹೊಲೀತಾರೆ ಅಂತ ಯಾರೂ ಬರೆಯಲ್ಲ, ಅದು ನನಗೆ ಬೇಜಾರು.

ಪೀಣ್ಯ ಲೇತ್:
ಟೂಲ್‌ರೂಮ್ ಸಾರ್, ಅಕ್ಕ, ಊಟದ ಹೊತ್ತಲ್ಲಿ ಎಲ್ಲಾ ಓದಿ ಹೇಳಿದೆ. ಯಜಮಾನರು ಡಬ್ಬಿ ಮುಚ್ಚಿಟ್ಟು ಕೇಳ್ತಾ ಕೂತರು. ಇನ್ನೊಂದು ಪ್ರಶ್ನೆ ಕೊಟ್ಟಿದ್ದಾರೆ: ಆ ಬ್ಯಾಫಲ್ ಯಾವ ಲೋಹ, ಅಷ್ಟು ಉರಿಯಲ್ಲಿ ಕರಗದ ಹಾಗೆ ಹೇಗೆ ಇಟ್ಟರು?