ಪುಣೆಯಲ್ಲಿದ್ದು ವಿಜಯಪುರದಾಗ ಇಸಾರ ಪತ್ರದ ಮೇಲೆ ಪ್ಲಾಟ್ ವ್ಯವಹಾರ: ಏಜಂಟರ ಕೈಗೆ ಎಷ್ಟು ಬಿಡಬೇಕು?

ಪ್ರಶ್ನೆ: ಪುಣೆ_ಪ್ರವಾಸಿ

ಸೊಲ್ಲಾಪುರ ರೋಡಿನ ಕಡೆ 30×40ರ ಎನ್.ಎ. (ಕೃಷಿಯೇತರ) ಪ್ಲಾಟು, ಮಾಲೀಕರು 18 ಲಕ್ಷ ಹೇಳ್ಯಾರ. 2 ಲಕ್ಷ ಇಸಾರ (ಮುಂಗಡ) ಕೊಟ್ಟು, 90 ದಿನದಾಗ ಗಿರಾಕಿ ಹುಡುಕಿ 20 ಲಕ್ಷಕ್ಕ ನೇರ ಆ ಗಿರಾಕಿ ಹೆಸರಿಗೇ ಖರೀದಿ ಪತ್ರ ಮಾಡಿಸೂದು ವಿಚಾರ. ಪದೇಪದೇ ಬರಾಕ ಆಗೂದಿಲ್ಲ. ಅಲ್ಲಿಯ ಏಜಂಟರಿಗೆ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಟ್ಟರ ಸಾಕೇನ್ರಿ?

ಉತ್ತರ: ಬಾಂಡ್_ಬರಹ

ಜನರಲ್ ಮುಖತ್ಯಾರ ಕೊಡಲೇಬ್ಯಾಡ್ರಿ. ಇಸಾರ ಪತ್ರಕ್ಕ ಸಹಿ ಹಾಕಿ ನೋಂದಣಿ ಮಾಡಿಸೂದು, ಇಷ್ಟೇ ಅಧಿಕಾರದ ವಿಶೇಷ ಮುಖತ್ಯಾರ ಸಾಕು. ಅದನ್ನ ಪುಣೆಯಲ್ಲಿ ನಿಮ್ಮ ವಾಸದ ವ್ಯಾಪ್ತಿಯ ಉಪನೋಂದಣಿ ಕಚೇರಿಯಲ್ಲೇ ದೃಢೀಕರಿಸಿ ಕಳಿಸ್ರಿ. ಹಣ ಪಡೆಯುವ ಅಧಿಕಾರ ಅದರಾಗ ಇರಬಾರದು.

ಇಸಾರ ಪತ್ರದಾಗ ಒಂದು ಸಾಲು ಇಲ್ಲದಿದ್ದರ ನಿಮ್ಮ ವ್ಯವಹಾರನೇ ಇಲ್ಲ: ‘ತಮ್ಮ ಹೆಸರಿಗೆ ಅಥವಾ ತಾವು ಸೂಚಿಸಿದವರ ಹೆಸರಿಗೆ ಖರೀದಿ ಪತ್ರ ಬರೆದುಕೊಡುತ್ತೇನೆ.’ ಈ ಸಾಲು ಬಿಟ್ಟುಹೋದರ ಕೊನೇ ದಿನ ಮಾಲೀಕರು ‘ಆ ಮನುಷ್ಯಾನ್ನ ನಾ ಒಲ್ಲೆ’ ಅಂತಾರ, ಇಲ್ಲಾ ಇನ್ನೊಂದು ಲಕ್ಷ ಕೇಳ್ತಾರ. ಗಿರಾಕಿ ಬದಲಾಗ್ತಾರ ಅನ್ನೂದನ್ನ ಮಾಲೀಕರಿಗೆ ಮೊದಲೇ ಬಾಯಿಬಿಟ್ಟು ಹೇಳ್ರಿ. ಮುಚ್ಚಿಟ್ಟು ಮಾಡಿದ ವ್ಯವಹಾರ ಕಚೇರಿ ಬಾಗಿಲದಾಗ ಮುರಿದು ಬೀಳ್ತದ.

ಆಸ್ತಿ ವರ್ಗಾವಣೆ ಕಾಯ್ದೆ 54ನೇ ಕಲಮಿನ ಪ್ರಕಾರ ಬರೇ ಕರಾರಿನಿಂದ ಪ್ಲಾಟು ನಿಮ್ಮದಾಗೂದಿಲ್ಲ. ಹಂಗಾಗಿ ಜಾಹೀರಾತಿನಾಗ ‘ನನ್ನ ಪ್ಲಾಟು’ ಅಂತ ಬರೀಬ್ಯಾಡ್ರಿ. ಇಸಾರ ಪತ್ರ ನೋಂದಣಿ ಆದರ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣ್ತದ, ಅದೇ ಪ್ಲಾಟಿಗೆ ಇಸಾರ ಕೊಡಾಕ ಬಂದ ಇನ್ನೊಬ್ಬರು ಅದನ್ನ ನೋಡಿ ಎಚ್ಚರಾಗ್ತಾರ. ನೂರು ರೂಪಾಯಿ ಬಾಂಡಿನ ಮೇಲೆ ಬರೆದು ಮನ್ಯಾಗ ಇಟ್ಟದ್ದು ಇಸಿಯಲ್ಲಿ ಬರೂದಿಲ್ಲ.

ಮುದ್ದತು ‘ಇ-ಖಾತೆ ಮಾಲೀಕರ ಹೆಸರಿಗೆ ಬಂದ ದಿನದಿಂದ 90 ದಿನ’ ಅಂತ ಇರಲಿ. ವಾರಸಾ ನೋಂದು (ತೀರಿಕೊಂಡವರ ಆಸ್ತಿ ವಾರಸುದಾರರ ಹೆಸರಿಗೆ ದಾಖಲಾಗೂದು) ಆಗಿರದಿದ್ದರ ಮೂರು ತಿಂಗಳು ಅದರಾಗೇ ಹೋಗ್ತದ.

ಉತ್ತರ: ಗುಂಟೆ_ಲೆಕ್ಕ

ಕಾಗದ ನೀವೇ ನೋಡ್ರಿ, ಏಜಂಟರಿಂದ ಕಣ್ಣು-ಕಾಲಿನ ಕೆಲಸ ತೊಗೋರಿ. ಇಸಿ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಾಗ ಪುಣೆಯಿಂದಲೇ ತೆಗೀಬಹುದು. 2004ಕ್ಕಿಂತ ಹಿಂದಿನದಕ್ಕ ಏಜಂಟರನ್ನ ಉಪನೋಂದಣಿ ಕಚೇರಿಗೆ ಕಳಿಸ್ರಿ. ಸಿಟಿ ಸರ್ವೆ ಹದ್ದಿನಾಗಿದ್ದರ ಸಿಟಿಎಸ್ ಉತಾರ (ಸಿಟಿ ಸರ್ವೆಯ ಆಸ್ತಿ ದಾಖಲೆ), ಗ್ರಾಮ ಪಂಚಾಯ್ತಿಯದಾದರ ಅಲ್ಲಿಯ ಆಸ್ತಿ ದಾಖಲೆಯಾದ ಫಾರ್ಮ್ 9 ಮತ್ತು 11-ಎ ನೋಡ್ರಿ. ಉತಾರದಾಗ ಮಾಲೀಕರ ತಂದೆಯ ಹೆಸರು ಉಳಿದಿದ್ದರ ಅಕ್ಕತಂಗೇರ ಸಹಿಯೂ ಬೇಕು. ಪಿತ್ರಾರ್ಜಿತದಾಗ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲು.

ಏಜಂಟರ ವಿಡಿಯೊ ಮೇನ್ ರೋಡಿನಿಂದ ಶುರುವಾಗಬೇಕು, ನಡುವೆ ಕಟ್ ಇರಬಾರದು. ನಾಲ್ಕೂ ಮೂಲೆಯ ಕಲ್ಲು, ಕಲ್ಲಿನಿಂದ ಕಲ್ಲಿಗೆ ಟೇಪು ಹಿಡಿದು ಅಂಕಿ ಕಾಣುವ ಫೋಟೊ. 30 ಅಡಿ ಬರೆದಲ್ಲಿ 28 ಬಂದರ ರಸ್ತೆಗೋ ಗಟಾರಕ್ಕೋ ಹೋಗಿರ್ತದ. 2 ಅಡಿ × 40 ಅಂದ್ರ 80 ಚದರಡಿ, ಅದನ್ನ ದರದಾಗ ಕಡಿಮೆ ಮಾಡಿಸ್ರಿ. ಆಜೂಬಾಜು ಪ್ಲಾಟಿನ ನಂಬರು ಮಂಜೂರಾದ ಲೇಔಟ್ ನಕ್ಷೆಯ ಚಕ್ಕುಬಂದಿಗೆ (ನಾಲ್ಕು ದಿಕ್ಕಿನ ಗಡಿ) ಕೂಡಬೇಕು. ಅಲ್ಲೇ ಮೋಸ ಹೆಚ್ಚು: ತೋರಿಸೂದು ಕಾರ್ನರ್ ಪ್ಲಾಟು, ಕಾಗದದಾಗ ಒಳಗಿಂದು.

ಕಮಿಷನ್ ಖರೀದಿ ಆದ ದಿನವೇ ಕೊಡ್ರಿ, ಇಸಾರದ ದಿನ ಅಲ್ಲ. ಎರಡೂ ಕಡೆ ತೊಗೊಳ್ತಾರೇನು ಅಂತ ಕೇಳಿ ಬರೆಸಿಕೊಳ್ರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತ ಲೇಔಟಿನ ಪ್ಲಾಟಾದರ ಏಜಂಟರಿಗೂ ರೇರಾ ನಂಬರು ಬೇಕು.

ಉತ್ತರ: ಚೆಕ್_ಮಾತ್ರ

ಇಸಾರ ನಗದು ಬ್ಯಾಡ. ಸ್ಥಿರಾಸ್ತಿಗೆ 20,000 ಮತ್ತು ಮೇಲ್ಪಟ್ಟ ಮುಂಗಡ ನಗದು ತೊಗೊಂಡವರಿಗೆ ಅಷ್ಟೇ ಮೊತ್ತದ ದಂಡ.

ಖರೀದಿ ಪತ್ರದಾಗ ಪೂರಾ 20 ಲಕ್ಷ ತೋರಿಸಿ, ಮಾಲೀಕರಿಗೆ 16, ನಿಮಗೆ 4 (ಇಸಾರ 2, ಫರಕು 2) ಬ್ಯಾಂಕಿನ ಮೂಲಕ ಅಂತ ಬರೆಸ್ರಿ. ನೀವು ಸಮ್ಮತಿದಾರರಾಗಿ ಸಹಿ ಹಾಕಬೇಕು, ಅದೊಂದು ದಿನ ಬಂದುಹೋಗ್ರಿ. ಗಿರಾಕಿಗೆ ನಗರ ಹದ್ದಿನಾಗ ಮುದ್ರಾಂಕ 5.6%, ನೋಂದಣಿ 2% (2025ರ ಆಗಸ್ಟ್ 31ರಿಂದ), ಒಟ್ಟು 1,52,000. ಸರ್ಕಾರಿ ಮಾರ್ಗಸೂಚಿ ದರ ಹೆಚ್ಚಿದ್ದರ ಅದರ ಮೇಲೆ. ಇದನ್ನ ಮೊದಲೇ ಹೇಳದಿದ್ದರ ಆ ಒಂದೂವರೆ ಲಕ್ಷ ನಿಮ್ಮ ಫರಕಿನಾಗೇ ಕಡೀತಾರ.

ಉತ್ತರ: ನವನಗರ_ಬಾಗಲಕೋಟೆ

ನಮ್ಮ ಕಡೆ ಇದೇ ಕೆಲಸಕ್ಕ ಇನ್ನೊಂದು ತಪಾಸಣೆ ಬೇಕು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಭೂಸ್ವಾಧೀನದಾಗ ಸರ್ವೆ ನಂಬರು ಬಂದದೇನು ಅಂತ ಉತಾರದ (ಪಹಣಿ) 11ನೇ ಕಾಲಮ್ಮಷ್ಟೇ ನೋಡಿ ಬಿಡಬ್ಯಾಡ್ರಿ, ಭೂಸ್ವಾಧೀನ ಕಚೇರಿಯಲ್ಲೂ ಲಿಖಿತವಾಗಿ ಕೇಳ್ರಿ.