ಅಪ್‌ಡೇಟ್: ಕಾರಿನ ಎಸಿ ಬಿಸಿ ಗಾಳಿ ಬಿಡ್ತಿತ್ತು, ಈಗ ಸರಿಹೋಯ್ತು

ತುಮಕೂರಿನ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಎಸಿ ಬಿಸಿ ಗಾಳಿ ಬಿಡುತ್ತೆ, ಕ್ಯಾತ್ಸಂದ್ರ ದಾಟಿ ಹೈವೇಯಲ್ಲಿ ಓಡಿಸಿದರೆ ತಣ್ಣಗಾಗುತ್ತೆ ಅಂತ ಕೇಳಿದ್ದೆನಲ್ಲ. "ಮೊದಲು ಕಂಡೆನ್ಸರ್ ಫ್ಯಾನ್ ನೋಡಿ" ಅಂದವರ ಮಾತೇ ನಿಜವಾಯಿತು. ಕಂಡೆನ್ಸರ್ ಅಂದರೆ ಎಸಿ ಗ್ಯಾಸ್‌ನ ಬಿಸಿಯನ್ನು ಹೊರಗೆ ಬಿಡುವ, ಗಾಡಿ ಮುಂಭಾಗದ ಜಾಲರಿ.

ಬಾನೆಟ್ ಎತ್ತಿ ಎಸಿ ಹಾಕಿದೆ. ಎಸಿ ಗ್ಯಾಸ್ ಒತ್ತುವ ಕಂಪ್ರೆಸರ್‌ನ ಕ್ಲಚ್ ಟಕ್ ಅಂತ ಹಿಡಿಯಿತು, ಫ್ಯಾನ್ ಮಾತ್ರ ಅಲುಗಾಡಲಿಲ್ಲ. ಇನ್ನೊಬ್ಬರು ಹೇಳಿದಂತೆ ಕಂಡೆನ್ಸರ್ ಮೇಲೆ ನೀರು ಹಾಕಿದೆ. ನಿಂತ ಗಾಡಿಯಲ್ಲೇ ತಣ್ಣನೆ ಗಾಳಿ ಬಂತು! ಅಂದರೆ ಕಂಡೆನ್ಸರ್‌ನ ಬಿಸಿ ಆಚೆ ಹೋಗುತ್ತಿರಲಿಲ್ಲ, ಅಷ್ಟೇ. ಹೈವೇಯಲ್ಲಿ ಎದುರುಗಾಳಿ ಆ ಕೆಲಸ ಮಾಡುತ್ತಿತ್ತು.

ಕ್ಯಾಬಿನ್ ಫಿಲ್ಟರ್ ಬದಲಿಸಿದ್ದಕ್ಕೆ ಗಾಳಿ ಜೋರಾಯಿತು, ತಂಪಾಗಲಿಲ್ಲ. ಫ್ಯಾನ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಬದಲಿಸಿದ್ದೂ ದಂಡ. ಒಂದು ಅಂಗಡಿಯವರಂತೂ ಬಾನೆಟ್ ಕೂಡ ತೆಗೆಯದೆ "ಗ್ಯಾಸ್ ತುಂಬಿಸಿ ಸರ್" ಅಂದರು. ಸುಮ್ನೆ ಬಂದುಬಿಟ್ಟೆ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಲ್ಲ, ಕಮ್ಮಿಯಾಗಿದ್ದರೆ ಎಲ್ಲೋ ಲೀಕ್ ಇದೆ ಅಂತ. ಜಾಸ್ತಿ ತುಂಬಿದರೂ ಕೂಲಿಂಗ್ ಕೆಡುತ್ತೆ.

ಕೊನೆಗೆ ಆಟೋ ಎಲೆಕ್ಟ್ರಿಷಿಯನ್ ಫ್ಯಾನ್‌ನ ಕನೆಕ್ಟರ್‌ಗೆ ಮೀಟರ್ ಇಟ್ಟು ನೋಡಿದರು. 12 ವೋಲ್ಟ್ ಬರುತ್ತಿದೆ, ಮೋಟಾರ್ ತಿರುಗುತ್ತಿಲ್ಲ. ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಪೂರ್ತಿ ಸವೆದಿತ್ತು. ಹೊಸ ಮೋಟಾರ್ ಹಾಕಿದ ಮೇಲೆ ಸಿಗ್ನಲ್‌ನಲ್ಲಿ ನಿಂತರೂ ತಣ್ಣಗಿದೆ.

ನನಗೆ ಆಶ್ಚರ್ಯ ಆಗಿದ್ದು ಎಂಜಿನ್ ಟೆಂಪರೇಚರ್ ಮುಳ್ಳು ಒಮ್ಮೆಯೂ ಮೇಲೇರದೇ ಇದ್ದದ್ದು. ನನ್ನ ಕಾರಿಗೆ ಎರಡು ಫ್ಯಾನ್, ರೇಡಿಯೇಟರ್ ಕಡೆಯದು ಚೆನ್ನಾಗೇ ಓಡುತ್ತಿತ್ತು. ಒಂದೇ ಫ್ಯಾನ್ ಇರುವ ಗಾಡಿಯಾದರೆ ಎಂಜಿನ್ನೂ ಬಿಸಿಯಾಗುತ್ತೆ, ತಡ ಮಾಡಬೇಡಿ. ನೋಡುವಾಗ ಫ್ಯಾನ್ ಹತ್ತಿರ ಕೈ ಇಡಬೇಡಿ, ಇದ್ದಕ್ಕಿದ್ದಂತೆ ತಿರುಗಬಹುದು.